ಪ್ಯಾಚ್ ಹಾಕಲಾಗದ ಯಂತ್ರ

ಶುಕ್ರವಾರ ರಿಲೀಸ್ ಮಾಡಿ, ಬಗ್ ಸಿಕ್ಕರೆ ಸೋಮವಾರ ಪ್ಯಾಚ್ ಹಾಕೋದು ನಮ್ಮ ಕಸುಬಿನಲ್ಲಿ ಮಾಮೂಲು. ಹಾಗಾಗಿಯೇ ಫ್ರಾನ್ಸ್‌ನಲ್ಲಿ ಕಟ್ಟುತ್ತಿರುವ ‘ಐಟರ್’ ಕಥೆ ಓದಿದಾಗ ನನಗೆ ಬೆವರು ಬಂತು.

ಸೂರ್ಯನಲ್ಲಿ ಆಗುವಂತೆ ಹೈಡ್ರೋಜನ್ ಪರಮಾಣುಗಳನ್ನು ಬೆಸೆದು ಶಕ್ತಿ ಪಡೆಯುವ ಪ್ರಯೋಗ ಇದು. ಅದಕ್ಕೆ 15 ಕೋಟಿ ಡಿಗ್ರಿ ಬಿಸಿ ಬೇಕು. ಅಷ್ಟು ಬಿಸಿಯಾದ ಪ್ಲಾಸ್ಮಾವನ್ನು ಯಾವ ಪಾತ್ರೆಯೂ ತಾಳದು. ಅದಕ್ಕೇ ಗೋಡೆಗೆ ತಾಗದ ಹಾಗೆ, ಅಯಸ್ಕಾಂತದ ಬಲದಿಂದ ಉಂಗುರದ ಆಕಾರದಲ್ಲಿ ಹಿಡಿದಿಡ್ತಾರೆ. ಆ ಅಯಸ್ಕಾಂತಗಳಿಗೋ ಮೈನಸ್ 269 ಡಿಗ್ರಿ ಚಳಿ ಬೇಕು! ಬಿಸಿ ಅವುಗಳಿಗೆ ತಟ್ಟದಿರಲಿ ಅಂತ ನಡುವೆ ಉಷ್ಣ ಕವಚಗಳಿವೆ. ಅವುಗಳ ಮೈತುಂಬ ತಂಪು ಮಾಡುವ ಕೊಳವೆಗಳು, ಒಟ್ಟು 23 ಕಿಲೋಮೀಟರ್.

ಕೊಳವೆಗಳಲ್ಲಿ ಸಣ್ಣ ಬಿರುಕುಗಳಿರೋದು ಗೊತ್ತಾಯ್ತು. ಉಳಿದುಹೋಗಿದ್ದ ಒಂದಿಷ್ಟು ಕ್ಲೋರಿನ್ ಲೋಹವನ್ನು ತಿಂದಿತ್ತು. ಯಂತ್ರ ಪೂರ್ತಿ ಜೋಡಿಸಿದ ಮೇಲೆ ಒಳಗೆ ಕೈ ಹಾಕೋದು ಹೆಚ್ಚುಕಡಿಮೆ ಅಸಾಧ್ಯ. ಹಾಗಾಗಿ 2022ರ ಮೇನಲ್ಲಿ ಕೂರಿಸಿದ್ದ, ಸಾವಿರ ಟನ್‌ಗೂ ಹೆಚ್ಚು ತೂಕದ ಭಾಗವನ್ನು 2023ರಲ್ಲಿ ಮತ್ತೆ ಮೇಲೆತ್ತಿದರು. ಮುಚ್ಚಿಡಲಿಲ್ಲ, ಬಿಚ್ಚಿ ರಿಪೇರಿಗೆ ಕೂತರು.

ಬೇರೆ ಕಾರಣಗಳೂ ಸೇರಿ ವೇಳಾಪಟ್ಟಿ ಜಾರಿತು. 2025ಕ್ಕೆ ಮೊದಲ ಪ್ಲಾಸ್ಮಾ ಅಂದಿದ್ದವರು, 2024ರಲ್ಲಿ ಹೊಸ ಲೆಕ್ಕ ಕೊಟ್ಟರು: ಪ್ರಯೋಗ ಶುರುವಾಗೋದು 2034ಕ್ಕೆ, ಡ್ಯುಟೀರಿಯಂ-ಟ್ರಿಟಿಯಂ ಇಂಧನದ ಪ್ರಯೋಗ 2039ಕ್ಕೆ. ಆಗ್ಲೂ ಅದು ಪ್ರಯೋಗವೇ, ನಮ್ಮನೆಗೆ ಕರೆಂಟ್ ಕೊಡುವ ಸ್ಥಾವರ ಅಲ್ಲ. ‘ಫ್ಯೂಷನ್ ಯಾವಾಗಲೂ ಇನ್ನು ಮೂವತ್ತು ವರ್ಷ ದೂರ’ ಅನ್ನೋ ಹಳೇ ಜೋಕ್ ಇದೆಯಲ್ಲ, ನನ್ನ ವಯಸ್ಸೂ ಅಷ್ಟೇ. ನಗು ಬರಲಿಲ್ಲ.

ಹಾಗಂತ ಇದೆಲ್ಲ ಬರೀ ಮಾತಲ್ಲ. ಇಂಗ್ಲೆಂಡಿನ ‘ಜೆಟ್’ ಯಂತ್ರ 2023ರಲ್ಲಿ ಬರೀ 0.2 ಮಿಲಿಗ್ರಾಂ ಇಂಧನದಿಂದ, ಸುಮಾರು ಐದು ಸೆಕೆಂಡಿನಲ್ಲಿ 69 ಮೆಗಾಜೂಲ್ ಶಕ್ತಿ ಕೊಟ್ಟಿತು. ಬಿಸಿ ಮಾಡಲು ಸುರಿದದ್ದು ಅದಕ್ಕಿಂತ ಹೆಚ್ಚು, ನಿಜ. ಐಟರ್ ಹೊರಟಿರೋದು ಆ ಲೆಕ್ಕವನ್ನು ತಿರುಗಿಸೋಕೆ. ಅದರಲ್ಲಿ ನಮ್ಮ ದೇಶವೂ ಪಾಲುದಾರ. ಇಡೀ ಯಂತ್ರವನ್ನು ಹೊದಿಸುವ ಸುಮಾರು 3,800 ಟನ್‌ನ ಸ್ಟೀಲ್ ಕವಚದ ಭಾಗಗಳು ತಯಾರಾಗಿದ್ದು ಗುಜರಾತಿನ ಹಜೀರಾದಲ್ಲಿ.

ಅಲ್ಲಿವರೆಗೆ ಸೋಲಾರ್, ಗಾಳಿ ಬಿಟ್ಟು ಕಾಯುತ್ತಾ ಕೂರೋದು ದಡ್ಡತನ. ಆದರೆ ತಡವಾಯ್ತು ಅಂತ ಅವರನ್ನು ಗೇಲಿ ಮಾಡೋಕೆ ನನಗೆ ಮನಸ್ಸಿಲ್ಲ. ಹೋದ ವಾರ ನನ್ನ ರಿಲೀಸ್‌ನಲ್ಲೂ ಒಂದು ‘ಬಿರುಕು’ ಕಂಡಿತ್ತು. ‘ಆಮೇಲೆ ನೋಡೋಣ’ ಅಂತ ಟೈಪ್ ಮಾಡಿದ್ದೆ. ಅಳಿಸಿದೆ. ಎರಡು ದಿನ ತಡವಾಗುತ್ತೆ ಅಂತ ಮ್ಯಾನೇಜರ್‌ಗೆ ಬರೆದೆ.