ಕುಣಿಯುವ ಕಾಲಿನ ಹೊಣೆ ಯಾರದು? ಸಂಸ್ಕೃತಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ,



ನಾನು ಭರತನಾಟ್ಯ ಕಲಾವಿದೆ. ಜಿಲ್ಲಾ ಕೇಂದ್ರವೊಂದರಲ್ಲಿ ನೃತ್ಯಶಾಲೆ ನಡೆಸುತ್ತೇನೆ. ಕಳೆದ ವರ್ಷ ಉತ್ಸವವೊಂದರ ವೇದಿಕೆಯಲ್ಲಿ ನನ್ನ ಬಲಪಾದದ ಕೀಲಿಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆ ಆಯಿತು. ಈಗ ಮತ್ತೆ ಗೆಜ್ಜೆ ಕಟ್ಟುತ್ತಿದ್ದೇನೆ. ನನಗಾಗಿ ಏನನ್ನೂ ಕೇಳುತ್ತಿಲ್ಲ. ನನ್ನ ಹಾಗೆ ಕಾಲನ್ನೇ ನಂಬಿ ಬದುಕುವ ಸಾವಿರಾರು ಕಲಾವಿದರ ಪರವಾಗಿ ಒಂದು ಮಾತು ತಮ್ಮ ಗಮನಕ್ಕೆ ತರಬೇಕಿದೆ: ಕುಣಿತವೂ ದುಡಿಮೆ. ಆ ದುಡಿಮೆಯಲ್ಲಿ ಆಗುವ ಗಾಯಕ್ಕೆ ದುಡಿಸಿಕೊಂಡವರೂ ಹೊಣೆ ಹೊರಬೇಕು.

ಆ ಸಂಜೆಯ ವೇದಿಕೆ ಹೇಗಿತ್ತೆಂದು ಹೇಳಿಬಿಡುತ್ತೇನೆ. ರಾಜ್ಯದ ಬಹುತೇಕ ಉತ್ಸವಗಳ ವೇದಿಕೆ ಹಾಗೆಯೇ ಇರುತ್ತದೆ. ಕಬ್ಬಿಣದ ಚೌಕಟ್ಟು, ಅದರ ಮೇಲೆ ಜೋಡಿಸಿದ ಪ್ಲೈವುಡ್ ಹಲಗೆಗಳು, ಅವನ್ನು ಮುಚ್ಚಿದ ಹಸಿರು ಕಾರ್ಪೆಟ್. ಮುಂದಿನ ಸಾಲಿನಲ್ಲಿ ಕೂತವರಿಗೆ ಕಾಣುವುದು ಕಾರ್ಪೆಟ್ ಮಾತ್ರ. ಅದರಡಿಯಲ್ಲಿ ಎರಡು ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು ಇತ್ತು. ಒಂದು ಹಲಗೆ ಇನ್ನೊಂದಕ್ಕಿಂತ ತುಸು ತಗ್ಗಿತ್ತು. ತಿಲ್ಲಾನದಲ್ಲಿ ಹಾರಿ ಇಳಿದಾಗ ಪಾದದ ಹೊರಅಂಚು ಆ ತಗ್ಗಿಗೆ ಸಿಕ್ಕಿ ಒಳಕ್ಕೆ ಮಡಚಿತು. ಸಂಘಟಕರು ಓಡಿ ಬಂದರು, ಯಾರೋ ಜ್ಯೂಸ್ ಅಂಗಡಿಯಿಂದ ಐಸ್ ತಂದರು. ಅವರ ಅಂತಃಕರಣದ ಬಗ್ಗೆ ನನಗೆ ಎಳ್ಳಷ್ಟೂ ದೂರಿಲ್ಲ. ಆದರೆ ಅಲ್ಲಿ ಪ್ರಥಮ ಚಿಕಿತ್ಸೆ ತಿಳಿದವರು ಇರಲಿಲ್ಲ, ವೇದಿಕೆಯನ್ನು ಪರೀಕ್ಷಿಸಿ ಸಹಿ ಹಾಕಿದವರು ಇರಲಿಲ್ಲ. ಕಾರ್ಪೆಟ್ಟಿನ ಸುಕ್ಕು ಸರಿಮಾಡಿ, ಅದೇ ಹಲಗೆಯ ಮೇಲೆ ಮುಂದಿನ ತಂಡದ ಮಕ್ಕಳನ್ನು ಹತ್ತಿಸಿದರು.

ನಮ್ಮಲ್ಲಿ ಕಾಲು ಉಳುಕಿದರೆ ಉಪ್ಪಿನ ಶಾಖ ಕೊಟ್ಟು, ನೀವಿಸಿ, ಕ್ರೇಪ್ ಬ್ಯಾಂಡೇಜ್ ಸುತ್ತಿ, ಅದರ ಮೇಲೆಯೇ ಗೆಜ್ಜೆ ಕಟ್ಟುವುದು ವಾಡಿಕೆ. ಆದರೆ ಉಳುಕು ಎಂದು ಕರೆಯುವುದರಲ್ಲಿ ಎಷ್ಟೋ ಸಲ ಲಿಗಮೆಂಟ್ ಹರಿದಿರುತ್ತದೆ. ಪಾದದ ಕೀಲಿನ ಹೊರಬದಿಯಲ್ಲಿ ಮೂರು ಲಿಗಮೆಂಟುಗಳಿವೆ. ಪಾದ ಒಳಕ್ಕೆ ಮಡಚಿದಾಗ ಮೊದಲು ಹರಿಯುವುದು ಮುಂದಿನದು. ಅದು ಸರಿಯಾಗಿ ಕೂಡಿಕೊಳ್ಳದಿದ್ದರೆ ಕೀಲು ಸಡಿಲವಾಗಿಯೇ ಉಳಿದು, ಕಾಲು ಮತ್ತೆ ಮತ್ತೆ ಹೊರಳಿ, ಒಳಗಿನ ಮೃದ್ವಸ್ಥಿಯೂ ಸವೆಯುತ್ತದೆ. ಫಿಸಿಯೊಥೆರಪಿಯಿಂದ ಬಹಳ ಮಂದಿ ಗುಣವಾಗುತ್ತಾರೆ. ಗುಣವಾಗದವರಿಗೆ ಹರಿದ ಲಿಗಮೆಂಟನ್ನು ಬಿಗಿಗೊಳಿಸಿ ಮೂಳೆಗೆ ಹೊಲಿಯುವ ಶಸ್ತ್ರಚಿಕಿತ್ಸೆ ಇದೆ. ಸ್ವೀಡನ್ನಿನ ವೈದ್ಯ ಬ್ರೋಸ್ಟ್ರಮ್ 1966ರಲ್ಲಿ ಪ್ರಕಟಿಸಿದ ಈ ವಿಧಾನವನ್ನು ಇಂದಿಗೂ ಅಲ್ಪಸ್ವಲ್ಪ ಬದಲಾವಣೆಗಳೊಂದಿಗೆ ಅನುಸರಿಸುತ್ತಾರೆ. ನನಗಾದದ್ದೂ ಅದೇ.

ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಕಷ್ಟ ಇದ್ದದ್ದು ಆಮೇಲೆ. ಪ್ಲಾಸ್ಟರ್ ತೆಗೆದಾಗ ಮೀನಖಂಡ ಬತ್ತಿಹೋಗಿತ್ತು. ಒಂಟಿ ಕಾಲಲ್ಲಿ ನಿಂತು ಕಣ್ಣು ಮುಚ್ಚಿ ಎಂದರು ವೈದ್ಯರು. ಎಷ್ಟೋ ವರ್ಷ ನಟರಾಜನ ಭಂಗಿಯಲ್ಲಿ ನಿಂತ ಕಾಲು ನಿಲ್ಲಲೊಲ್ಲದು. ಕೀಲು ಎಲ್ಲಿದೆ, ಎಷ್ಟು ಬಾಗಿದೆ ಎಂದು ಮಿದುಳಿಗೆ ತಿಳಿಸುವ ನರತಂತುಗಳು ಲಿಗಮೆಂಟಿನಲ್ಲೂ ಇರುತ್ತವೆ. ಅದು ಹರಿದಾಗ ಆ ತಿಳಿವಳಿಕೆಯೂ ಕೆಡುತ್ತದೆ. ಅದನ್ನು ಅಲುಗುವ ಹಲಗೆಯ ಮೇಲೆ ನಿಂತು ಕೀಲಿಗೆ ಮತ್ತೆ ಕಲಿಸಬೇಕು. ನಡೆಯಲು ಬಂದ ಕೂಡಲೇ ನೀವು ಗುಣವಾದಿರಿ ಎಂದರು. ಆದರೆ ನನ್ನ ಕೆಲಸಕ್ಕೆ ನಡಿಗೆ ಸಾಲದು. ಮಂಡಿ ಬಾಗಿಸಿ ನಿಲ್ಲುವ ಅರೆಮಂಡಿಯಲ್ಲಿ ಹಿಮ್ಮಡಿ ನೆಲಕ್ಕೆ ಕಚ್ಚಿರಬೇಕು, ಮಂಡಿ ಪಕ್ಕಕ್ಕೆ ತೆರೆದಿರಬೇಕು, ಬೆನ್ನು ನೆಟ್ಟಗಿರಬೇಕು. ಕೀಲು ಬಿಗಿದಿದ್ದರೆ ಹಿಮ್ಮಡಿ ಏಳುತ್ತದೆ, ಇಲ್ಲವೇ ಮಂಡಿ ಮುಂದಕ್ಕೆ ಬರುತ್ತದೆ, ಆಗ ಭಾರವೆಲ್ಲ ಮಂಡಿಗೂ ಸೊಂಟಕ್ಕೂ ಬೀಳುತ್ತದೆ. ಕುದಿತ್ತುಮೆಟ್ಟಡವು ಎಂಬ ಹೆಜ್ಜೆಯಲ್ಲಿ ಬೆರಳ ತುದಿಗೆ ಹಾರಿ ಹಿಮ್ಮಡಿಯನ್ನು ನೆಲಕ್ಕೆ ಹೊಡೆಯಬೇಕು, ಅದೂ ಮೂರು ಕಾಲಗಳಲ್ಲಿ. ಇದಕ್ಕೆ ಕೀಲು ಎಷ್ಟು ಬಾಗಬೇಕು, ಯಾವ ಹಂತದಲ್ಲಿ ಯಾವ ಅಡವು ಶುರುಮಾಡಬಹುದು ಎಂದು ಹೇಳಬಲ್ಲ ಒಬ್ಬರೂ ನನ್ನ ಜಿಲ್ಲೆಯಲ್ಲಿ ಸಿಗಲಿಲ್ಲ. ಕೊನೆಗೆ, ನನಗೆ ವ್ಯಾಯಾಮ ಮಾಡಿಸುತ್ತಿದ್ದ ಫಿಸಿಯೊಥೆರಪಿಸ್ಟ್ ಹುಡುಗಿಯ ಮುಂದೆ ನನ್ನ ಶಿಷ್ಯೆ ಒಂದೊಂದೇ ಅಡವು ಮಾಡಿ ತೋರಿಸಿದಳು. ಆಕೆ ನೋಡಿ, ಬರೆದುಕೊಂಡು, ನನಗಾಗಿ ವ್ಯಾಯಾಮ ಹೊಂದಿಸಿದಳು. ಅಂಥ ಮನಸ್ಸಿನವರು ಸಿಕ್ಕಿದ್ದು ನನ್ನ ಪುಣ್ಯ. ಚಿಕಿತ್ಸೆ ಪುಣ್ಯವನ್ನು ನಂಬಿಕೊಂಡಿರಬಾರದು.

ಖರ್ಚಿನ ಕಥೆ ಇನ್ನೊಂದು. ಆಸ್ಪತ್ರೆಯ ವಿಮಾ ಕೌಂಟರಿನಲ್ಲಿ ಉದ್ಯೋಗ ಕೇಳಿದರು. ನೃತ್ಯ ಕಲಾವಿದೆ, ಶಿಕ್ಷಕಿ ಎಂದೆ. ಆ ಹುಡುಗ ಕಂಪ್ಯೂಟರಿನ ಪಟ್ಟಿಯನ್ನು ಮೇಲಿಂದ ಕೆಳಗೆ ಹುಡುಕಿ, "ಮೇಡಂ, ಇದರಲ್ಲಿ ಅದಿಲ್ಲ. ಗೃಹಿಣಿ ಅಂತ ಹಾಕ್ಲಾ?" ಎಂದ. ಅವನ ತಪ್ಪೇನೂ ಇಲ್ಲ. ನಮ್ಮ ಕುಣಿತವನ್ನು ವ್ಯವಸ್ಥೆಯೇ ದುಡಿಮೆ ಎಂದು ಎಣಿಸಿಲ್ಲ. ಕಾರ್ಖಾನೆಯಲ್ಲಿ ವಿಮೆ ಇರುವ ಕಾರ್ಮಿಕನ ಕೈಗೆ ಪೆಟ್ಟಾದರೆ ನೌಕರರ ರಾಜ್ಯ ವಿಮಾ ಯೋಜನೆಯಡಿ ಚಿಕಿತ್ಸೆಯೂ ಸಿಗುತ್ತದೆ, ಕೆಲಸ ತಪ್ಪಿದ ದಿನಗಳ ಭತ್ಯೆಯೂ ಸಿಗುತ್ತದೆ. ಗಾಯಗೊಂಡ ಕ್ರೀಡಾಪಟುಗಳಿಗೆ ನೆರವಾಗಲು ಕೇಂದ್ರ ಸರ್ಕಾರದ ಕಲ್ಯಾಣ ನಿಧಿ 1982ರಿಂದ ಇದೆ. ಆದರೆ ನಾನು ಉತ್ಸವಕ್ಕೆ ಸಹಿ ಹಾಕಿದ ಒಪ್ಪಿಗೆ ಪತ್ರದಲ್ಲಿ ಬರಬೇಕಾದ ಹೊತ್ತು, ಉಡುಪು, ಅವಧಿ ಎಲ್ಲ ಇತ್ತು. ಪೆಟ್ಟಾದರೆ ಏನು ಎಂಬ ಒಂದು ಸಾಲೂ ಇರಲಿಲ್ಲ. ನೃತ್ಯ ಶಿಕ್ಷಕಿ ಮಲಗಿದರೆ ತರಗತಿ ನಿಲ್ಲುತ್ತದೆ, ಶುಲ್ಕ ನಿಲ್ಲುತ್ತದೆ. ಕಟ್ಟಡದ ಬಾಡಿಗೆ ನಿಲ್ಲುವುದಿಲ್ಲ. ನಾನು ಕುರ್ಚಿಯ ಮೇಲೆ ಕಾಲು ಚಾಚಿ ಕೂತು, ತಟ್ಟುಮಣೆಯ ಮೇಲೆ ತಾಳ ಹಾಕುತ್ತ ಪಾಠ ಮುಂದುವರಿಸಿದೆ. ಹಿರಿಯ ವಿದ್ಯಾರ್ಥಿನಿಯರು ಕೈಜೋಡಿಸದಿದ್ದರೆ ಶಾಲೆ ಮುಚ್ಚಿಹೋಗುತ್ತಿತ್ತು.

ಈ ಕಾಲದುದ್ದಕ್ಕೂ ನನಗೆ ಧೈರ್ಯ ಹೇಳಿದವರೆಲ್ಲ ಸುಧಾ ಚಂದ್ರನ್ ಅವರ ಹೆಸರು ಹೇಳಿದರು. 1981ರಲ್ಲಿ ತಮಿಳುನಾಡಿನ ಬಸ್ ಅಪಘಾತದಲ್ಲಿ ಗಾಯಗೊಂಡು ಬಲಗಾಲು ಕಳೆದುಕೊಂಡ ಅವರು 1984ರಲ್ಲಿ ಕೃತಕ ಕಾಲಿನಲ್ಲಿ ಮತ್ತೆ ವೇದಿಕೆ ಏರಿದರು. 'ಮಯೂರಿ' ಚಿತ್ರದಲ್ಲಿ ತಮ್ಮ ಕಥೆಯನ್ನು ತಾವೇ ಅಭಿನಯಿಸಿದರು. ಅವರ ಛಲಕ್ಕೆ ನಾನು ತಲೆಬಾಗುತ್ತೇನೆ. ಆದರೆ ಆ ಕಥೆಯ ಇನ್ನೊಂದು ಅರ್ಧವನ್ನು ಯಾರೂ ಹೇಳುವುದಿಲ್ಲ. ಅವರು ಕುಣಿದದ್ದು ಜೈಪುರ ಕಾಲಿನ ಮೇಲೆ. 1960ರ ದಶಕದ ಕೊನೆಯಲ್ಲಿ ಅದನ್ನು ರೂಪಿಸಿದವರು ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯ ಮೂಳೆತಜ್ಞ ಡಾ. ಪಿ.ಕೆ. ಸೇಥಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ. ಅದು ಸರ್ಕಾರಿ ಆಸ್ಪತ್ರೆ. ನೆಲದ ಮೇಲೆ ಚಕ್ಕಳಮಕ್ಕಳ ಕೂರುವ, ಬರಿಗಾಲಲ್ಲಿ ನಡೆಯುವ ನಮ್ಮ ಜನಕ್ಕೆ ಎಂಥ ಕಾಲು ಬೇಕೆಂದು ಅಲ್ಲಿ ಯೋಚಿಸಿದ್ದರಿಂದಲೇ ಒಬ್ಬ ನರ್ತಕಿಯ ಛಲಕ್ಕೆ ಊರಲು ನೆಲ ಸಿಕ್ಕಿತು. ಛಲ ಕಲಾವಿದೆಯ ಪಾಲಿನದು. ಮಿಕ್ಕದ್ದು ವ್ಯವಸ್ಥೆಯ ಪಾಲು. ನಾನು ಕೇಳುತ್ತಿರುವುದು ಆ ಎರಡನೆಯ ಪಾಲನ್ನು.

ಬೇರೆ ಕಡೆ ಅಂಥ ವ್ಯವಸ್ಥೆ ಇದೆ. ನ್ಯೂಯಾರ್ಕಿನಲ್ಲಿ ನರ್ತಕರ ಗಾಯಗಳಿಗೆಂದೇ ಹಾರ್ಕ್‌ನೆಸ್ ಕೇಂದ್ರವಿದೆ. ಬ್ರಿಟನ್ನಿನಲ್ಲಿ ನೃತ್ಯ ವೈದ್ಯವಿಜ್ಞಾನದ ರಾಷ್ಟ್ರೀಯ ಸಂಸ್ಥೆ 2012ರಲ್ಲಿ ಹುಟ್ಟಿ, ಸಾರ್ವಜನಿಕ ಆಸ್ಪತ್ರೆಗಳಲ್ಲಿಯೇ ನರ್ತಕರಿಗೆ ಕ್ಲಿನಿಕ್ ತೆರೆಯಿತು. ಅಷ್ಟು ದೂರ ಹೋಗುವುದೇ ಬೇಡ. ನಮ್ಮ ಕರಾವಳಿಯಲ್ಲಿ ಉಡುಪಿಯ ಯಕ್ಷಗಾನ ಕಲಾರಂಗ, ಯಕ್ಷಧ್ರುವ ಪಟ್ಲ ಫೌಂಡೇಶನ್‌ನಂಥ ಸಂಸ್ಥೆಗಳು ಕಲಾವಿದರ ಕಷ್ಟಕಾಲಕ್ಕೆ ಒದಗುತ್ತ ಬಂದಿವೆ. ದಾನಿಗಳು ಸೇರಿ ಮಾಡಿದ್ದು ಸರ್ಕಾರಕ್ಕೆ ಆಗದ ಕೆಲಸವೇ? ತಿರುಗಾಟ ಮುಗಿಯುವ ಪತ್ತನಾಜೆಯವರೆಗೆ ರಾತ್ರಿ ರಾತ್ರಿ ಧಿಗಿಣ ಹೊಡೆಯುವ ಯಕ್ಷಗಾನ ಕಲಾವಿದರು, ಭಾರದ ಡೊಳ್ಳು ಹೊತ್ತು ಹಾರುವ ಡೊಳ್ಳಿನವರು, ಮೆರವಣಿಗೆಯ ಡಾಂಬರು ರಸ್ತೆಯಲ್ಲಿ ಬರಿಗಾಲಲ್ಲಿ ಕುಣಿಯುವ ವೀರಗಾಸೆಯವರು, ಇವರೆಲ್ಲರ ಕೀಲುಗಳೂ ನನ್ನವುಗಳಂತೆಯೇ ಸವೆಯುತ್ತವೆ. ವಯಸ್ಸಾದ ಕಲಾವಿದರಿಗೆ ಇಲಾಖೆ ಕೊಡುವ ಮಾಸಾಶನಕ್ಕೆ ನಾವು ಋಣಿಗಳು. ಆದರೆ ದುಡಿಯುವ ವಯಸ್ಸಿನಲ್ಲಿ ಕಾಲು ಮುರಿದವರು ಅಲ್ಲಿಯವರೆಗೆ ಹೇಗೆ ಬದುಕಬೇಕು?

ಆದ್ದರಿಂದ ತಮ್ಮಲ್ಲಿ ನಾಲ್ಕು ಬೇಡಿಕೆಗಳು.

ಒಂದು, ಇಲಾಖೆಯ ಹಣದಿಂದ ನಡೆಯುವ ಪ್ರತಿ ಉತ್ಸವದಲ್ಲೂ ನೃತ್ಯದ ವೇದಿಕೆ ಹೇಗಿರಬೇಕೆಂದು ಲಿಖಿತ ನಿಯಮ ಮಾಡಿ: ಸಂದಿಲ್ಲದ, ಅಲುಗದ ಹಲಗೆ, ಮೊಳೆಯಿಲ್ಲದ ನೆಲ, ಕಾರ್ಪೆಟ್ ಹಾಸುವ ಮುನ್ನ ಕಲಾವಿದರೇ ನೆಲ ನೋಡುವ ಅವಕಾಶ. ಹೊಸ ರಂಗಮಂದಿರಗಳಲ್ಲಿ ಕಾಂಕ್ರೀಟಿನ ಮೇಲೆ ಗ್ರಾನೈಟ್ ಹಾಸುವುದನ್ನು ಬಿಟ್ಟು, ಅಡಿಯಲ್ಲಿ ಗಾಳಿಗೆ ಜಾಗವಿರುವ, ಹೆಜ್ಜೆಯ ಪೆಟ್ಟನ್ನು ತಾನೂ ಹೀರಿಕೊಳ್ಳುವ ಮರದ ನೆಲ ಹಾಕಿಸಿ.

ಎರಡು, ಸರ್ಕಾರಿ ಕಾರ್ಯಕ್ರಮಕ್ಕೆ ಬರುವ ಪ್ರತಿ ಕಲಾವಿದರಿಗೂ, ಪಕ್ಕವಾದ್ಯದವರಿಗೂ ಅಪಘಾತ ವಿಮೆ ಮಾಡಿಸಿ. ಕೆಲಸ ತಪ್ಪಿದ ದಿನಗಳಿಗೂ ಅದರಲ್ಲಿ ನೆರವಿರಲಿ.

ಮೂರು, ಆರೋಗ್ಯ ಇಲಾಖೆಯ ಜೊತೆ ಮಾತಾಡಿ, ಬೆಂಗಳೂರಿನ ಸಂಜಯ್ ಗಾಂಧಿ ಮೂಳೆ ಚಿಕಿತ್ಸಾ ಸಂಸ್ಥೆಯಲ್ಲೂ ಕಂದಾಯ ವಿಭಾಗಕ್ಕೊಂದು ಸರ್ಕಾರಿ ಆಸ್ಪತ್ರೆಯಲ್ಲೂ ವಾರಕ್ಕೊಂದು ದಿನ ಪ್ರದರ್ಶನ ಕಲಾವಿದರ ಕ್ಲಿನಿಕ್ ನಡೆಸಿ. ಮೂಳೆತಜ್ಞರ ಪಕ್ಕದಲ್ಲಿ ಅಡವು ಬಲ್ಲ ಹಿರಿಯ ಕಲಾವಿದರೊಬ್ಬರು ಕೂರಲಿ.

ನಾಲ್ಕು, ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಲ್ಲೂ ಮೈಸೂರಿನ ಡಾ. ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯದ ಪಠ್ಯದಲ್ಲೂ ದೇಹರಚನೆ, ಗಾಯ ಮತ್ತು ಆರೈಕೆಯ ಪಾಠಕ್ಕೆ ಹೆಚ್ಚಿನ ಒತ್ತು ಕೊಡಿಸಿ. ನೋವು ನುಂಗಿ ಕುಣಿಯುವುದೇ ಸಾಧನೆ ಎಂದು ನಂಬಿ ಬೆಳೆಯುವ ಮಕ್ಕಳಿಗೆ, ನೋವನ್ನು ಗುರುವಿಗೆ ಹೇಳುವುದೂ ಶಿಸ್ತೇ ಎಂದು ಪುಸ್ತಕವೇ ಕಲಿಸಲಿ.

ಇವುಗಳಲ್ಲಿ ಉತ್ಸವದ ವೇದಿಕೆಯ ನಿಯಮಕ್ಕೆ ಬಜೆಟ್ಟಿಗಾಗಿ ಕಾಯಬೇಕಿಲ್ಲ. ಒಂದು ಸುತ್ತೋಲೆ ಸಾಕು. ಮುಂದಿನ ಉತ್ಸವದ ಹಲಗೆ ಜೋಡಿಸುವ ಮೊದಲೇ ಆ ಸುತ್ತೋಲೆ ಹೊರಡಿಸಬೇಕೆಂದು ಕಳಕಳಿಯಿಂದ ಬೇಡಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಭರತನಾಟ್ಯ ಶಿಕ್ಷಕಿ