ಅಜ್ಜಿಗೆ ಹೋಮ್ ನೋಡೋಕೆ ಬೆಳಿಗ್ಗೆ ಹನ್ನೊಂದಕ್ಕೆ ಹೋಗ್ಬೇಡಿ

(1/7)
ಫೋಟೋದಲ್ಲಿರೋದು ಅಜ್ಜಿ ಕೈ. ಮುಖ ಹಾಕಿಲ್ಲ. ಹಾಕ್ಲಾ ಅಂತ ಕೇಳಿದ್ರೆ ಹೂಂ ಅಂತಾಳೆ, ಆದ್ರೆ ಯಾವುದಕ್ಕೆ ಹೂಂ ಅಂದೆ ಅಂತ ಅವಳಿಗೇ ಗೊತ್ತಿರಲ್ಲ. ಅದನ್ನ ಒಪ್ಪಿಗೆ ಅಂತ ತಗೊಳ್ಳೋಕೆ ನನಗೆ ಮನಸ್ಸಿಲ್ಲ. ಕೈಯಲ್ಲಿರೋದು ಹಳೇ ಟವೆಲ್ಲು. ದಿನವಿಡೀ ಅದನ್ನ ಮಡಚ್ತಾಳೆ, ಬಿಚ್ತಾಳೆ, ಮತ್ತೆ ಮಡಚ್ತಾಳೆ.

ಹೋದ ವಾರ ಸ್ಟೋರಿಲಿ "ಅಜ್ಜಿಗೆ ಡಿಮೆನ್ಷಿಯಾ ಕೇರ್ ಹೋಮ್ ನೋಡ್ತಿದೀವಿ, ಯಾರಿಗಾದ್ರೂ ಗೊತ್ತಿದ್ರೆ ಹೇಳಿ" ಅಂತ ಹಾಕಿದ್ದೆ. ಬಂದ ಡಿಎಂಗಳಲ್ಲಿ ಅಡ್ರೆಸ್ ಕೊಟ್ಟೋರು ಇಬ್ಬರು. ಮಿಕ್ಕವ್ರೆಲ್ಲ "ಛೇ, ಸಾಕಿದ ಅಜ್ಜಿನ ಹೋಮ್‌ಗೆ ಹಾಕ್ತೀರಾ?" ಒಬ್ಬ ಕ್ಲಾಸ್‌ಮೇಟ್ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಸಿನಿಮಾದ ಅನಂತ್ ನಾಗ್ ಫೋಟೋ ಕಳಿಸಿ ಅಳೋ ಇಮೋಜಿ ಒತ್ತಿದ್ದ.

ಸಿಟ್ಟಿಲ್ಲ. ಆರು ತಿಂಗಳ ಹಿಂದೆ ನಾನೂ ಹಾಗೇ ಅಂತಿದ್ದೆ. ಆದ್ರೆ ಈ ಎರಡು ತಿಂಗಳಲ್ಲಿ ಅಪ್ಪನ ಜೊತೆ ನಾಲ್ಕು ಜಾಗ ನೋಡಿ ಬಂದೆ. ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ: ನೀವಂದ ಆ "ಛೇ" ಇದೆಯಲ್ಲ, ಅಜ್ಜಿಯಂದಿರಿಗೆ ಕೆಟ್ಟ ಜಾಗ ಸಿಗೋದೇ ಅದರಿಂದ. ತಪ್ಪು ಮಾಡ್ತಿದೀವಿ ಅಂದ್ಕೊಂಡು ಗೇಟ್ ಒಳಗೆ ಕಾಲಿಟ್ಟೋರು ಪ್ರಶ್ನೆ ಕೇಳಲ್ಲ. ತಲೆ ತಗ್ಗಿಸ್ಕೊಂಡು ಟೈಲ್ಸ್ ನೋಡ್ತಾರೆ, ಅಡ್ವಾನ್ಸ್ ಕಟ್ತಾರೆ, ಬೇಗ ಬೇಗ ವಾಪಸ್ ಬರ್ತಾರೆ.

(2/7)
ನಮ್ಮಜ್ಜಿ ತಿಪಟೂರು ಕಡೆಯವಳು. ತೆಂಗಿನ ತೋಟ, ಅಟ್ಟದ ಮೇಲೆ ಕೊಬ್ಬರಿ, ಕೊಟ್ಟಿಗೆ ತುಂಬ ಹಸು. ತಾತ ಹೋದ ಮೇಲೆ ಬೆಂಗಳೂರಿಗೆ ಕರ್ಕೊಂಡು ಬಂದ್ವಿ. ಮೊದಮೊದಲು ಒಂದೇ ಮಾತು ಎರಡು ಸಲ ಕೇಳ್ತಿದ್ಲು, ವಯಸ್ಸಾಯ್ತು ಅಂತ ನಕ್ಕು ಸುಮ್ಮನಾದ್ವಿ. ಆಮೇಲೆ ಖಾಲಿ ಪಾತ್ರೆ ಇಟ್ಟು ಸ್ಟವ್ ಹಚ್ಚಿದ್ಲು. ಆಮೇಲೆ ಒಂದು ದಿನ ಗೇಟ್ ತೆಗೆದು ಹೋದವಳು ಮೂರು ಸ್ಟಾಪ್ ಆಚೆ ಸಿಕ್ಕಿದ್ಲು, ಬರಿಗಾಲಲ್ಲಿ.

ಈಗ ಅಪ್ಪನನ್ನ ತನ್ನ ತಮ್ಮ ಅಂದ್ಕೊಂಡಿದಾಳೆ. ಅಮ್ಮನನ್ನ "ಯಾರಮ್ಮ ನೀನು, ಯಾವ ಊರು?" ಅಂತಾಳೆ. ಸಂಜೆ ಐದಾದ್ರೆ ಶುರು. "ಕತ್ಲಾಯ್ತು, ನಡೀರೋ, ಹಸು ಕಟ್ಬೇಕು, ಹಾಲು ಕರೀಬೇಕು." ಬಾಗಿಲು ಬಡೀತಾಳೆ, ಅಡ್ಡ ಬಂದವ್ರಿಗೆ ಹೊಡೀತಾಳೆ. ಸೂರ್ಯ ಮುಳುಗೋ ಹೊತ್ತಿಗೆ ಗೊಂದಲ ಹೆಚ್ಚಾಗೋದು ಈ ಕಾಯಿಲೆಯ ಲಕ್ಷಣ. ಇಂಗ್ಲಿಷಲ್ಲಿ ಸನ್‌ಡೌನಿಂಗ್ ಅಂತಾರೆ.

ರಾತ್ರಿ ಅಮ್ಮ ತನ್ನ ಸೆರಗನ್ನ ಅಜ್ಜಿ ಸೆರಗಿಗೆ ಗಂಟು ಹಾಕ್ಕೊಂಡು ಮಲಗ್ತಾಳೆ. ಅಜ್ಜಿ ಎದ್ರೆ ತನಗೆ ಎಚ್ಚರ ಆಗ್ಲಿ ಅಂತ. ಎರಡು ವರ್ಷದಿಂದ ಅಮ್ಮ ಒಂದು ರಾತ್ರಿನೂ ನೆಟ್ಟಗೆ ನಿದ್ದೆ ಮಾಡಿಲ್ಲ. ಬ್ಲೌಸ್ ಹೊಲಿಯೋ ಕೆಲಸ ನಿಂತೋಯ್ತು. ಮಾರ್ಚಲ್ಲಿ ಅಮ್ಮನೇ ತಲೆ ಸುತ್ತಿ ಬಿದ್ಲು, ಬಿಪಿ ನೋಡಿದ ಡಾಕ್ಟರು "ಇವರನ್ನ ನೋಡ್ಕೊಳ್ಳೋರು ಯಾರು?" ಅಂತ ಕೇಳಿದ್ರು. ನಾನು, ಅಪ್ಪ ಇಬ್ರೂ ಮಾತಾಡ್ಲಿಲ್ಲ.

ನಮ್ಮದೊಬ್ಬರದೇ ಮನೆ ಅಲ್ಲ. 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜು, ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು ಜನಕ್ಕೆ ಡಿಮೆನ್ಷಿಯಾ ಇದೆ. ಸುಮಾರು 88 ಲಕ್ಷ ಜನ. ನಮ್ಮ ಸೆಕ್ಷನ್ನಲ್ಲೇ ಇನ್ಯಾರ ಮನೇಲಿದೆಯೋ, ಹೇಳ್ಕೊಂಡಿಲ್ಲ ಅಷ್ಟೇ.

(3/7)
ಮೊದಲು ಒಂದು ಮಾತು. ಮರೆವು ಅಂದ ತಕ್ಷಣ ಹೋಮ್ ಹುಡುಕೋಕೆ ಹೋಗ್ಬೇಡಿ, ಡಾಕ್ಟರ್ ಹತ್ರ ಹೋಗಿ. ಥೈರಾಯ್ಡ್ ಏರುಪೇರು, ಬಿ12 ಕೊರತೆ, ಖಿನ್ನತೆ ಇದ್ರೂ ಮರೆವು ಬರತ್ತೆ. ವಯಸ್ಸಾದವ್ರು ಇದ್ದಕ್ಕಿದ್ದಂಗೆ ಎರಡೇ ದಿನದಲ್ಲಿ ಏನೇನೋ ಮಾತಾಡೋಕೆ ಶುರು ಮಾಡಿದ್ರೆ ಎಷ್ಟೋ ಸಲ ಅದು ಮೂತ್ರದ ಸೋಂಕು. ಇವಕ್ಕೆಲ್ಲ ಚಿಕಿತ್ಸೆ ಇದೆ.

ಇನ್ನು ಹುಡುಕಾಟ. ನಮ್ಮಲ್ಲಿ ನರ್ಸಿಂಗ್ ಹೋಮ್ ಅಂದ್ರೆ ಹೆರಿಗೆಗೆ, ಅಪೆಂಡಿಕ್ಸ್‌ಗೆ ಹೋಗೋ ಸಣ್ಣ ಆಸ್ಪತ್ರೆ. ಗೂಗಲ್‌ನಲ್ಲಿ ಹಾಗೆ ಹುಡುಕಿದ್ರೆ ಅದೇ ಬರತ್ತೆ. ವೃದ್ಧಾಶ್ರಮಗಳಿಗೆ ಫೋನ್ ಮಾಡಿದ್ರೆ ಮೊದಲ ಪ್ರಶ್ನೆ: "ಅವ್ರ ಕೆಲಸ ಅವ್ರೇ ಮಾಡ್ಕೋತಾರಾ?" ಇಲ್ಲ ಅಂದ್ರೆ ಫೋನ್ ಕಟ್. ಡಿಮೆನ್ಷಿಯಾ ಇರೋರನ್ನೇ ನೋಡ್ಕೊಳ್ಳೋ ಜಾಗ ಬೇಕು ಅಂದಾಗ ಪಟ್ಟಿ ಬಹಳ ಚಿಕ್ಕದಾಗತ್ತೆ, ಅದರಲ್ಲೂ ಜಾಸ್ತಿ ಬೆಂಗಳೂರಲ್ಲೇ ಇವೆ. ತಿಪಟೂರಲ್ಲಿರೋರು ಏನ್ ಮಾಡ್ಬೇಕು ಅಂತ ನನಗೆ ಹೊಳೀತಿಲ್ಲ.

ಮೊದಲು ನೋಡಿದ ಜಾಗದ ಹೆಸರು ಹೇಳಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಬನ್ನಿ ಅಂದ್ರು, ಹೋದ್ವಿ. ಕಾರಂಜಿ, ಸೋಫಾ, ಗೋಡೆ ತುಂಬ ಹಬ್ಬದ ಫೋಟೋ. ಕೋಟ್ ಹಾಕಿದ ಮೇಡಂ ಕಾಫಿ ಕೊಟ್ಟು ಯೋಗ ಹಾಲ್ ತೋರಿಸಿದ್ರು. ಹಾಲಲ್ಲಿ ಯಾರೂ ಇರ್ಲಿಲ್ಲ. ಅಪ್ಪ ಎಲ್ಲಕ್ಕೂ ತಲೆ ಆಡಿಸ್ತಿದ್ರು. ಅರ್ಧ ಗಂಟೆಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ, "ಅಡ್ವಾನ್ಸ್ ಎಷ್ಟು?" ಮನೇಲಿ ಒಂದು ಫ್ಯಾನ್ ತರೋಕೆ ಹತ್ತು ಅಂಗಡಿ ಸುತ್ತೋ ಮನುಷ್ಯ ಅವರು.

ಬಾತ್‌ರೂಮ್ ಬೇಕು ಅಂತ ನಾನು ಹಿಂದುಗಡೆ ಹೋದೆ. ಅಲ್ಲಿ ಕಾರಿಡಾರಲ್ಲಿ ಒಬ್ಬ ಅಜ್ಜಿ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತಿದ್ರು. ಹೊಟ್ಟೆ ಸುತ್ತ ವೇಲು ಕಟ್ಟಿ ಹಿಂದೆ ಗಂಟು ಹಾಕಿದ್ರು. ಅವರು ನನ್ನ ನೋಡಿ, "ಬಂದ್ಯಾ ಮಗಾ" ಅಂದ್ರು. ಅಮ್ಮ ಹಾಕೋ ಸೆರಗಿನ ಗಂಟಿನ ಇನ್ನೊಂದು ತುದೀಲಿ ಅಮ್ಮ ಇರ್ತಾಳೆ. ಇಲ್ಲಿ ಕುರ್ಚಿ ಇತ್ತು.

(4/7)
ಆಮೇಲಿಂದ ನಾವು ಸಂಜೆ ಐದು, ಐದೂವರೆಗೆ ಹೋಗೋಕೆ ಶುರು ಮಾಡಿದ್ವಿ. ಒಂದು ಜಾಗದಲ್ಲಿ "ಆ ಟೈಮಲ್ಲಿ ವಿಸಿಟರ್ಸ್‌ಗೆ ಬಿಡಲ್ಲ" ಅಂದ್ರು. ಅಲ್ಲಿಗೆ ಹೋಗ್ಲೇ ಇಲ್ಲ. ಅಜ್ಜಿಯ ಕಷ್ಟದ ಹೊತ್ತನ್ನ ತೋರಿಸೋಕೆ ಒಪ್ಪದ ಜಾಗ ನಮಗ್ಯಾಕೆ?

ನಾನು ಕೇಳಿದ್ದನ್ನ ಇಲ್ಲಿ ಬರೀತೀನಿ, ಬೇಕಾದ್ರೆ ಸೇವ್ ಮಾಡ್ಕೊಳ್ಳಿ. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿರೋರು ಎಷ್ಟು ಜನ? (ಡ್ಯೂಟಿ ಮೇಲಿರೋರು ಅಲ್ಲ, ಎಚ್ಚರವಾಗಿರೋರು.) ಹೊಡೆಯೋಕೆ ಬಂದ್ರೆ ಏನ್ ಮಾಡ್ತೀರಾ? ಯಾವತ್ತಾದ್ರೂ ಕಟ್ಟಿ ಹಾಕ್ತೀರಾ? ಒಬ್ಬರು "ಅವರ ಸೇಫ್ಟಿಗೆ ಸರ್, ಸ್ಟಾಫ್ ಕಮ್ಮಿ ಇದ್ದಾಗ ಮಾತ್ರ" ಅಂದ್ರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಓದಿದೆ. ಮಾನಸಿಕ ಆರೋಗ್ಯ ಕೇಂದ್ರಗಳಿಗೇ ಅದು ಹೇಳೋದು: ತಕ್ಷಣದ ಅಪಾಯ ತಪ್ಪಿಸೋಕೆ ಬೇರೆ ದಾರಿನೇ ಇಲ್ಲದಾಗ ಮಾತ್ರ ಕಟ್ಟಬಹುದು, ಅದಕ್ಕೂ ಮನೋವೈದ್ಯರ ಅನುಮತಿ ಬೇಕು, ಸಿಬ್ಬಂದಿ ಕೊರತೆ ಅನ್ನೋ ಒಂದೇ ಕಾರಣಕ್ಕೆ ಕಟ್ಟೋ ಹಾಗಿಲ್ಲ. ಅಂಥ ಜಾಗಕ್ಕೇ ಆಗದ ನೆಪ ಇವರಿಗೆ ಹೇಗೆ ಆಗತ್ತೆ?

ಕಟ್ಟಲ್ಲ ಅಂದೋರನ್ನೂ ಪೂರ್ತಿ ನಂಬ್ಬೇಡಿ. ಮಾತ್ರೆಯಲ್ಲೂ ಕಟ್ಟಬಹುದು. ಸುಮ್ಮನೆ ಕೂರ್ಲಿ ಅಂತ ಕೊಡೋ ಆಂಟಿಸೈಕೋಟಿಕ್ ಮಾತ್ರೆಗಳು ಡಿಮೆನ್ಷಿಯಾ ಇರೋ ವೃದ್ಧರಲ್ಲಿ ಸಾವಿನ ಅಪಾಯ ಹೆಚ್ಚಿಸ್ತವೆ ಅಂತ ಅಮೆರಿಕದ ಎಫ್‌ಡಿಎ 2005ರಲ್ಲೇ ಎಚ್ಚರಿಕೆ ಕೊಟ್ಟಿದೆ. ಒಮ್ಮೊಮ್ಮೆ ಡಾಕ್ಟರು ಬರೀಲೇಬೇಕಾಗತ್ತೆ, ಅದು ಬೇರೆ. ಯಾರು ಬರೀತಾರೆ, ಯಾವಾಗ ಮರುಪರಿಶೀಲನೆ, ಡೋಸ್ ಬದಲಾದ್ರೆ ನಮಗೆ ಹೇಳ್ತೀರಾ, ಇದನ್ನ ಕೇಳಿ. ಸಂಜೆ ಐದೂವರೆಗೆ ಇಪ್ಪತ್ತು ಜನ ಟಿವಿ ಮುಂದೆ ತಲೆ ಬಾಗಿಸಿ ನಿದ್ದೆ ಮಾಡ್ತಿದ್ರೆ "ಎಷ್ಟು ಶಾಂತವಾಗಿದೆ" ಅಂತ ಖುಷಿ ಪಡ್ಬೇಡಿ. ಎರಡನೇ ಜಾಗದಲ್ಲಿ ನಾನು ಹಾಗೇ ಖುಷಿ ಪಟ್ಟಿದ್ದೆ.

ತಿಂಗಳ ತೂಕದ ರಿಜಿಸ್ಟರ್ ತೋರ್ಸಿ ಅನ್ನಿ. ಊಟ ಮಾಡಿದೀನೋ ಇಲ್ವೋ ಅವ್ರಿಗೆ ನೆನಪಿರಲ್ಲ, ತಕ್ಕಡಿಗೆ ಗೊತ್ತಿರತ್ತೆ. ಟಾಯ್ಲೆಟ್‌ಗೆ ಎಷ್ಟು ಹೊತ್ತಿಗೊಮ್ಮೆ ಕರ್ಕೊಂಡು ಹೋಗ್ತೀರಾ, ಇಲ್ಲಾ ಎಲ್ಲರಿಗೂ ಡೈಪರ್ರಾ ಅಂತಾನೂ ಕೇಳಿ. ಇದನ್ನ ಕೇಳೋಕೆ ನಾಚಿಕೆ ಆಗತ್ತೆ ಅಂದ್ರೆ, ಅಜ್ಜಿ ನಿಮ್ಮ ಚಡ್ಡಿ ತೊಳ್ದಿದಾಳೆ, ನೆನಪಿಸ್ಕೊಳ್ಳಿ.

(5/7)
ಈ ಭಾಗ ಭಾಷೆ ಬಗ್ಗೆ. ನಾವು ನೋಡಿದ ಕಡೆ ಕೆಲಸ ಮಾಡ್ತಿದ್ದೋರಲ್ಲಿ ಜಾಸ್ತಿ ಜನ ಒಡಿಶಾ, ಜಾರ್ಖಂಡ್, ಅಸ್ಸಾಂ ಕಡೆಯಿಂದ ಬಂದ ಹುಡುಗೀರು. ನಮ್ಮ ವಯಸ್ಸಿನೋರು, ಹನ್ನೆರಡು ಗಂಟೆ ಶಿಫ್ಟು. ಅವರನ್ನ ದೂರ್ತಿಲ್ಲ, ನಮ್ಮ ಮನೆಯೋರು ಮಾಡಕ್ಕಾಗದ್ದನ್ನ ಅವರು ಮಾಡ್ತಿದಾರೆ. ಆದ್ರೆ ಡಿಮೆನ್ಷಿಯಾದಲ್ಲಿ ಆಮೇಲೆ ಕಲಿತ ಭಾಷೆ ಎಷ್ಟೋ ಸಲ ಮೊದಲು ಹೋಗತ್ತೆ, ಹುಟ್ಟಿದ ಭಾಷೆ ಕೊನೇವರೆಗೂ ಉಳಿಯತ್ತೆ. ಅಜ್ಜಿಗೆ ಉಳಿದಿರೋದು ತಿಪಟೂರು ಕನ್ನಡ ಮಾತ್ರ. "ವಂದಕ್ಕೆ" ಅಂತ ಅವಳು ಹೇಳಿದ್ದು ಅರ್ಥ ಆಗದಿದ್ರೆ ಬಟ್ಟೆ ಒದ್ದೆ. ಒದ್ದೆಯಾದ್ರೆ ಸಿಟ್ಟು, ಸಿಟ್ಟಾದ್ರೆ "ಅಗ್ರೆಸಿವ್" ಅಂತ ಫೈಲಲ್ಲಿ ಬರೀತಾರೆ, ಆಮೇಲೆ ಮಾತ್ರೆ. ಅದಕ್ಕೆ ಪ್ರತಿ ಶಿಫ್ಟಲ್ಲೂ ಕನ್ನಡ ಬರೋರು ಒಬ್ಬರಾದ್ರೂ ಇದಾರಾ ಅಂತ ಕೇಳ್ದೆ.

ನಾಲ್ಕನೇ ಜಾಗ ನೋಡೋಕೆ ಏನೂ ಇಲ್ಲ. ಬಾಡಿಗೆ ಮನೆ, ಹದಿನಾಲ್ಕು ಜನ, ಮಾಸಿದ ಪರದೆ, ಒಗ್ಗರಣೆ ವಾಸನೆ. ನಾವು ಹೋದಾಗ ಒಬ್ಬ ತಾತ ಜೋರಾಗಿ ಕೂಗಾಡ್ತಿದ್ರು. ಅಪ್ಪನ ಮುಖ ಸಣ್ಣಗಾಯ್ತು. ನಾನು ನೋಡಿದ್ದು ಬೇರೆ. ಒಬ್ಬ ಅಕ್ಕ ಆ ತಾತನ ಮುಂದೆ ನೆಲದ ಮೇಲೆ ಕೂತು, ಕಣ್ಣಿಗೆ ಕಣ್ಣು ಕೊಟ್ಟು, "ಹೌದಾ, ಬಸ್ ಹೋಗ್ಬಿಡ್ತಾ? ಯಾವ ಬಸ್ಸು?" ಅಂತ ಕೇಳ್ತಿದ್ರು. ಸುಳ್ಳು ಹೇಳ್ಲಿಲ್ಲ, ತಿದ್ದಲೂ ಇಲ್ಲ. ಐದು ನಿಮಿಷದಲ್ಲಿ ತಾತ ಕಾಫಿ ಕುಡೀತಿದ್ರು.

ಆಮೇಲೆ ಅವರು ನಮ್ಮ ಹತ್ರ ಬಂದ್ರು. ಉಳಿದ ಮೂರು ಕಡೆ ನಾವು ಕೇಳೋದು, ಅವರು ಹೇಳೋದು. ಇಲ್ಲಿ ಅವರೇ ನಮ್ಮನ್ನ ಕೇಳಿದ್ರು. ಅಜ್ಜಿ ಎಷ್ಟು ಗಂಟೆಗೆ ಏಳ್ತಾರೆ, ಮುದ್ದೆನಾ ಅನ್ನನಾ, ತಲೆಗೆ ಎಣ್ಣೆ ಹಚ್ಚಿಸ್ಕೋತಾರಾ, ಯಾವುದಕ್ಕೆ ಹೆದರ್ತಾರೆ. ಅಪ್ಪ, "ಸಂಜೆ ಆದ್ರೆ ಹಸು ಕಟ್ಬೇಕು ಅಂತ ಗಲಾಟೆ ಮಾಡ್ತಾರೆ" ಅಂದ್ರು.

"ಹಸು ಹೆಸರೇನು ಸರ್?"

ಅಪ್ಪನಿಗೆ ತಕ್ಷಣ ಬಾಯಿಗೆ ಬರ್ಲಿಲ್ಲ. "ಕೆಂಪಿ" ಅಂದ್ರು. ಅಕ್ಕ ಪುಸ್ತಕದಲ್ಲಿ ಬರ್ಕೊಂಡ್ರು. ವಾಪಸ್ ಬರೋವಾಗ ಅಪ್ಪ ಗಾಡಿ ಸೈಡಿಗೆ ಹಾಕಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ರು.

(6/7)
ದುಡ್ಡು. ಇದು ನನ್ನ ಸಬ್ಜೆಕ್ಟು. ಕಾಸ್ಟ್ ಅಕೌಂಟಿಂಗ್ ಯಾವುದಕ್ಕೆ ಬರತ್ತೆ ಅಂತ ಕೇಳ್ತಿದ್ದೋರು ನೋಡಿ.

ಕಾರಂಜಿ ಇದ್ದ ಜಾಗ ತಿಂಗಳಿಗೆ 35,000 ಅಂದ್ರು. ಡೈಪರ್ 4,500, ಔಷಧಿ 2,500, ಫಿಸಿಯೋ 2,000 ಬೇರೆ ಅಂತ ಆಮೇಲೆ ಗೊತ್ತಾಯ್ತು. ಒಟ್ಟು 44,000, ವರ್ಷಕ್ಕೆ 5,28,000. ಬಾಡಿಗೆ ಮನೆಯ ಜಾಗ 38,000 ಅಂದಾಗ ಅಪ್ಪ ದುಬಾರಿ ಅಂದ್ರು. ಅದರಲ್ಲಿ ಡೈಪರ್, ಫಿಸಿಯೋ ಸೇರಿದೆ, ಔಷಧಿ ಮಾತ್ರ ಬೇರೆ. 40,500, ವರ್ಷಕ್ಕೆ 4,86,000. ಎಕ್ಸೆಲ್ ಶೀಟ್ ಹಾಕಿ ತೋರಿಸ್ದೆ. ಬೋರ್ಡ್ ಮೇಲಿನ ರೇಟ್ ನೋಡ್ಬೇಡಿ, ಒಟ್ಟು ನೋಡಿ. ಅಗ್ರಿಮೆಂಟಲ್ಲಿ ಡಿಪಾಸಿಟ್ ಎಷ್ಟು ವಾಪಸ್, ಆಸ್ಪತ್ರೆಗೆ ಸೇರಿಸಿದ ದಿನಗಳಿಗೂ ಫೀಸ್ ಇದೆಯಾ, ಜೊತೆಗೆ ಯಾರು ಹೋಗ್ತಾರೆ, ಪೂರ್ತಿ ಹಾಸಿಗೆ ಹಿಡಿದ್ರೆ "ಕರ್ಕೊಂಡು ಹೋಗಿ" ಅಂತಾರಾ, ಇದೆಲ್ಲ ಸಹಿಗೆ ಮುಂಚೆ ಓದಿ.

ಎರಡು ತೆರಿಗೆ ವಿಷ್ಯ. ನೋಂದಾಯಿತ ಚಾರಿಟಬಲ್ ಟ್ರಸ್ಟ್ ನಡೆಸೋ ವೃದ್ಧಾಶ್ರಮದಲ್ಲಿ, 60 ದಾಟಿದವರಿಗೆ ಊಟ, ವಸತಿ ಸೇರಿ ತಿಂಗಳಿಗೆ 25,000ದವರೆಗೆ ಜಿಎಸ್‌ಟಿ ಇಲ್ಲ. ಇನ್ನು ನಾವು ಓದಿದ 80ಡಿಡಿಬಿ, ಅದರ ಕಾಯಿಲೆ ಪಟ್ಟಿಯಲ್ಲಿ ಡಿಮೆನ್ಷಿಯಾ ಇದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಅಂತ ತಜ್ಞರು ಬರೆದುಕೊಟ್ರೆ, ಹಿರಿಯ ನಾಗರಿಕರ ಚಿಕಿತ್ಸೆ ಖರ್ಚಿಗೆ 1 ಲಕ್ಷದವರೆಗೆ ಕಡಿತ. ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ, ಚಿಕಿತ್ಸೆಗೆ ಮಾತ್ರ, ಹೋಮ್ ಫೀಸ್‌ಗೆ ಅಲ್ಲ.

ಚಿಕ್ಕಪ್ಪ ಫೋನಲ್ಲಿ, "ಅಷ್ಟು ದುಡ್ಡು ಯಾಕೆ, ಮನೇಲೇ ಫ್ರೀಯಾಗಿ ಆಗ್ತಿದೆಯಲ್ಲ" ಅಂದ್ರು. ಫ್ರೀ. ಅಮ್ಮನ ಹೊಲಿಗೆ ಆದಾಯ, ಅಮ್ಮನ ನಿದ್ದೆ, ಅಮ್ಮನ ಬಿಪಿ, ಇವಕ್ಕೆ ಯಾವ ಶೀಟಲ್ಲೂ ಕಾಲಂ ಇಲ್ಲ ಅಂತ ಫ್ರೀ ಆಗ್ಬಿಡತ್ತಾ? ಜನ ಏನಂತಾರೆ ಅಂತ ಚಿಕ್ಕಪ್ಪನಿಗೆ ಚಿಂತೆ. ಅವರ ಮನೇಲಿ ಅಜ್ಜಿ ಇದ್ದದ್ದು ಹನ್ನೊಂದು ದಿನ. (ಚಿಕ್ಕಪ್ಪ ಇನ್‌ಸ್ಟಾದಲ್ಲಿಲ್ಲ. ಅವರ ಮಗಳು ಇದಾಳೆ. ಪರವಾಗಿಲ್ಲ, ತೋರಿಸ್ಲಿ.)

(7/7)
"ಹಾಕೋದು" ಅನ್ನೋ ಪದ ಬಿಡೋಣ್ವಾ? ಕಸ ಹಾಕ್ತೀವಿ. ಅಜ್ಜಿನ ಸೇರಿಸ್ತೀವಿ, ಕಾಲೇಜಿಗೆ ಸೇರಿಸಿದ ಹಾಗೆ. ಸೇರಿಸಿದ ಮೇಲೆ ಪೇರೆಂಟ್ಸ್ ಮೀಟಿಂಗಿಗೆ ಹೋಗೋದೂ ಇರತ್ತಲ್ಲ.

ಬಿಟ್ಟು ಓಡಿಹೋಗೋದು ಬೇರೆ ವಿಷ್ಯ, ಅದು ಅಪರಾಧ. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಅದಕ್ಕೆ ಜೈಲು ಶಿಕ್ಷೆನೂ ಇದೆ. ಯಾರಾದ್ರೂ ಹಾಗೆ ಬಿಟ್ಟಿರೋದು ಗೊತ್ತಾದ್ರೆ, ಇಲ್ಲಾ ನಿಮಗೇ ಸಹಾಯ ಬೇಕಿದ್ರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ. ಡಿಮೆನ್ಷಿಯಾ ಬಗ್ಗೆ ಕೇಳೋಕೆ ಎಆರ್‌ಡಿಎಸ್‌ಐ, ಬೆಂಗಳೂರಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್, ನಿಮ್ಹಾನ್ಸ್ ಇವೆ. ಹೋಮ್ ಬೇಡ ಅನ್ನೋರಿಗೂ ಅಲ್ಲಿ ದಾರಿ ಹೇಳ್ತಾರೆ.

ನಾವು ಮೊದಲು ಒಂದು ತಿಂಗಳು ಮಾತ್ರ ಅಂತ ಮಾತಾಡಿದೀವಿ. ಅತ್ತೆ ಅರ್ಧ ಕೊಡ್ತಾರಂತೆ, ಮಿಕ್ಕಿದ್ದು ಅಪ್ಪನ ಸಂಬಳ, ಕೊಬ್ಬರಿ ದುಡ್ಡು. ಸರಿ ಹೋಗದಿದ್ರೆ ವಾಪಸ್ ಕರ್ಕೊಂಡು ಬರ್ತೀವಿ, ಅಗ್ರಿಮೆಂಟಲ್ಲಿ ಅದನ್ನ ಬರೆಸಿದೀನಿ. ಇದು ಸರಿಯಾದ ತೀರ್ಮಾನನಾ ಅಂದ್ರೆ, ದಿನಕ್ಕೆ ಎರಡು ಸಲ ಹೌದು ಅನ್ಸತ್ತೆ, ಎರಡು ಸಲ ಇಲ್ಲ ಅನ್ಸತ್ತೆ. ಅಮ್ಮ ಮೊನ್ನೆ ಅಜ್ಜಿ ಸೀರೆಗಳಿಗೆಲ್ಲ ಒಳಗಡೆ ಕೆಂಪು ದಾರದಲ್ಲಿ ಹೆಸರು ಹೊಲಿದ್ಲು. ಎರಡು ವರ್ಷ ಆದ ಮೇಲೆ ಮಿಷನ್ ಸದ್ದು ಕೇಳಿದ್ದು ಅವತ್ತೇ. ಹೊಲಿಯುತ್ತಾ ಅಳ್ತಿದ್ಲು.

ಒಂದನೇ ತಾರೀಖು ಹೋಗ್ತೀವಿ. ಟವೆಲ್ಲೂ ಬ್ಯಾಗಿಗೆ ಹಾಕಿದೀನಿ. ಕಾಲೇಜ್ ಮುಗಿಯೋದು ನಾಲ್ಕಕ್ಕೆ, ಮೆಟ್ರೋ, ಆಮೇಲೆ ಒಂದು ಬಸ್ಸು, ಐದೂಕಾಲಿಗೆ ತಲುಪಬಹುದು. ಹೇಳದೆ ಹೋಗ್ತೀನಿ. ವಾರಕ್ಕೆ ಮೂರು ದಿನ ಅಂತ ಲೆಕ್ಕ. ಮಂಗಳವಾರ ಯಾರಾದ್ರೂ ಜೊತೆಗೆ ಬರ್ತೀರಾ? ಬಂದ್ರೆ ಅಜ್ಜಿ ಯಾವ ಊರು ಅಂತ ಕೇಳ್ತಾಳೆ, ಏನಾದ್ರೂ ಒಂದು ಊರು ಹೇಳಿ.

#ಅಜ್ಜಿ #ಡಿಮೆನ್ಷಿಯಾ #ಸಂಜೆಐದು #ಕನ್ನಡಕ್ಯಾಪ್ಷನ್