ಗಾಡಿಯ ಹಣೆಯ ಮೇಲೆ 786

ನಮ್ಮೂರಿನ ಬಸ್‌ಸ್ಟ್ಯಾಂಡಿನ ಎದುರು ಕಬಾಬ್ ಗಾಡಿ ಹಾಕಿದ್ದ ಹುಡುಗನ ಸ್ಟೌ, ಬಾಣಲೆ, ಮಸಾಲೆ ಹಚ್ಚಿಟ್ಟ ಕೋಳಿ ಎಲ್ಲವನ್ನೂ ಒಂದು ಸಂಜೆ ಟೆಂಪೋಗೆ ತುಂಬಿಕೊಂಡು ಹೋದರು. ಗಾಡಿಯ ಹಣೆಯ ಮೇಲೆ 786 ಎಂದು ದೊಡ್ಡದಾಗಿ ಬರೆಸಿದ್ದ. ಲೈಸೆನ್ಸ್ ಎಂದು ತೋರಿಸಲು ಅವನ ಬಳಿ ಇದ್ದದ್ದು ಅದೊಂದೇ. "ಸಬರ್ ಕರೋ ಬೇಟಾ, ರಿಜ್ಕ್ ಅಲ್ಲಾಹ್ ದೇತಾ" ಎಂದರು ಹಿರಿಯರು. ನಾವೂ ತಲೆಯಾಡಿಸಿದೆವು. ನಮ್ಮ ತಕರಾರು ಇರುವುದು ಆ ತಲೆಯಾಡಿಸುವಿಕೆಯ ಬಗ್ಗೆಯೇ.

2014ರ ಬೀದಿ ವ್ಯಾಪಾರಿಗಳ ಕಾಯ್ದೆಯನ್ನು ನಮ್ಮಲ್ಲಿ ಎಷ್ಟು ಜನ ಓದಿದ್ದೇವೆ? ಸಮೀಕ್ಷೆ ಮುಗಿದು ಎಲ್ಲರಿಗೂ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಬಾರದು ಎನ್ನುತ್ತದೆ ಅದು. ಎಬ್ಬಿಸುವುದಾದರೆ 30 ದಿನ ಮುಂಚೆ ನೋಟಿಸು ಕೊಡಬೇಕು. ಸಾಮಾನು ಎತ್ತಿದರೆ ಪಟ್ಟಿ ಕೊಡಬೇಕು. ಕೇಳಿದರೆ, ಕೆಡುವ ಪದಾರ್ಥವನ್ನು ಅದೇ ದಿನ, ಉಳಿದದ್ದನ್ನು ಎರಡು ಕೆಲಸದ ದಿನಗಳೊಳಗೆ ಹಿಂದಿರುಗಿಸಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅದರಲ್ಲಿ ಅಲ್ಪಸಂಖ್ಯಾತರಿಗೂ ಪ್ರಾತಿನಿಧ್ಯ ಸಿಗಬೇಕು. ಈ ಸಮಿತಿಯ ಚುನಾವಣೆಗೆ ನಿಲ್ಲಿ ಎಂದು ನಮ್ಮ ಯಾವ ಜಮಾಅತೂ ಯಾರಿಗೂ ಹೇಳಿದ್ದನ್ನು ನಾವಂತೂ ಕೇಳಿಲ್ಲ.

ಕಚೇರಿಗಳ ಕತೆ ಗೊತ್ತಿಲ್ಲವೆಂದಲ್ಲ. ಆಹಾರ ಮಾರುವ ಸಣ್ಣ ವ್ಯಾಪಾರಿಯ ನೋಂದಣಿಗೆ 2011ರ ನಿಯಮ ಇಟ್ಟ ಶುಲ್ಕ ವರ್ಷಕ್ಕೆ 100 ರೂಪಾಯಿ. ಅದಕ್ಕೆ ಏಜೆಂಟರು ಸಾವಿರಗಟ್ಟಲೆ ಕಿತ್ತದ್ದನ್ನು ಕಣ್ಣಾರೆ ಕಂಡಿದ್ದೇವೆ. ಅರ್ಜಿಯ ಭಾಷೆಯೋ, ಹಾಕಿದವನಿಗೂ ತಿಳಿಯದು, ತೆಗೆದುಕೊಂಡವನಿಗೂ ತಿಳಿಯದು. ಬಡವನ ಅಜ್ಞಾನವೇ ಕೆಲವರಿಗೆ ತಿಂಗಳ ಆದಾಯ.

"ಕಾಗದ ಇದ್ದರೂ ಎತ್ತುತ್ತಾರಲ್ಲ?" ಎಂದು ಕೇಳುವವರಿದ್ದಾರೆ. ಎತ್ತುತ್ತಾರೆ. ಆದರೆ ಕಾಗದ ಇದ್ದವನು ಕೋರ್ಟಿಗೆ ಹೋಗಬಲ್ಲ. 2022ರಲ್ಲಿ ಜಾತ್ರೆಗಳಿಂದ ನಮ್ಮವರನ್ನು ಹೊರಗಿಟ್ಟಾಗ ಸರ್ಕಾರ ವಿಧಾನಸಭೆಯಲ್ಲಿ 2002ರ ನಿಯಮವೊಂದನ್ನು ಮುಂದಿಟ್ಟಿತು. ಅವರ ಕೈಯಲ್ಲಿ ಪುಸ್ತಕವಿತ್ತು, ನಮ್ಮ ಕೈಯಲ್ಲಿ ಕರ್ಚೀಫು.

ಕುರ್‌ಆನಿನ ಅತಿ ಉದ್ದದ ಆಯತ್, ಅಲ್ ಬಕರದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆಯೇ ಇದೆ. ಅದನ್ನು ರಾಗವಾಗಿ ಓದುವ ನಾವು ಅಂಗಡಿಯ ಬಾಡಿಗೆ ಕರಾರನ್ನು ಬಾಯಿಮಾತಿನಲ್ಲೇ ಮುಗಿಸುತ್ತೇವೆ! ನಿಕಾಹಿನ ದಫ್ತರನ್ನು ಜೋಪಾನವಾಗಿಡುವ ಮಸೀದಿ ಕಮಿಟಿಗೆ, ಜುಮಾದ ನಂತರ ಒಂದು ಮೇಜು ಹಾಕಿ, ಓದಿದ ಇಬ್ಬರು ಹುಡುಗ ಹುಡುಗಿಯರನ್ನು ಕೂರಿಸಿ ಅರ್ಜಿ ತುಂಬಿಸುವುದು ಅಷ್ಟು ಕಷ್ಟವೇ? ಸಾಲಿನಲ್ಲಿ ಪಕ್ಕದ ಬೀದಿಯ ಹೂ ಮಾರುವ ಅಮ್ಮನೂ ಬಂದು ನಿಲ್ಲಲಿ.

ಹುಡುಗನ ಕೋಳಿ ಅಂದೇ ಕೆಟ್ಟಿತು. ಸ್ಟೌ ಈಗಲೂ ಗೋದಾಮಿನಲ್ಲಿದೆ. ಪಟ್ಟಿ ಕೊಡಲಿಲ್ಲ, ನಾವು ಕೇಳಲೂ ಇಲ್ಲ.